ಮರಗಟ್ಟಿದ ಕಾಲಿಗೆ ಶಾಖ

ವಿಜಯನಗರದ ಆಸ್ಪತ್ರೆಯೊಂದರಲ್ಲಿ ನನ್ನ ಮುರಿದ ಕಾಲಿಗೆ ಪ್ಲೇಟು ಹಾಕಿದ ಮಾರನೆಯ ಬೆಳಿಗ್ಗೆ ನನಗೆ ನೋವೇ ಇರಲಿಲ್ಲ. ಮೊಣಕಾಲ ಹಿಂದಿನ ನರಕ್ಕೆ ಇಂಜೆಕ್ಷನ್ ಕೊಟ್ಟು ಕಾಲನ್ನು ಮರಗಟ್ಟಿಸಿದ್ದರು. ನರ್ವ್ ಬ್ಲಾಕ್ ಅಂತೆ. ಪಾದ ಕಣ್ಣಿಗೆ ಕಾಣುತ್ತಿತ್ತು, ಆದರೆ ಅಲ್ಲಾಡಿಸಲು ಆಗುತ್ತಿರಲಿಲ್ಲ. ನನಗೆ ಅದೇ ಸಿಟ್ಟು.

ಅತ್ತಿಗುಪ್ಪೆಯಿಂದ ನಮ್ಮತ್ತೆ ಬಂದವರೇ ಪಟ್ಟಿಯಾಚೆ ಕಾಣುತ್ತಿದ್ದ ಪಾದವನ್ನು ಮುಟ್ಟಿದರು. "ಅಯ್ಯೋ, ಮಂಜುಗಡ್ಡೆ ಆಗಿದೆಯಲ್ಲೇ! ಈ ಏಸಿ ಒಂದು." ಫ್ಲಾಸ್ಕಿನ ಬಿಸಿನೀರನ್ನು ಶಾಖದ ರಬ್ಬರ್ ಚೀಲಕ್ಕೆ ಸುರಿದು ಅಂಗಾಲಿಗಿಟ್ಟರು. ಅವರ ಕೈಯಲ್ಲಿ ಎರಡು ಬಾಣಂತನ ಮಾಡಿಸಿಕೊಂಡವಳು ನಾನು. ಶಾಖ ಅಂದರೆ, ತೆಗೆದುಕೊಳ್ಳುವವರು ಸಾಕೆನ್ನುವವರೆಗೂ ಕೊಡಬೇಕು, ಅದು ಅವರ ಲೆಕ್ಕ.

"ಬಿಸಿ ಹತ್ತುತ್ತಾ?"

"ಇಲ್ಲ ಅತ್ತೆ." ಕಾಲು ಮರಗಟ್ಟಿಸಿದ್ದು ಅವರಿಗೆ ಗೊತ್ತಿರಲಿಲ್ಲ, ನಿದ್ದೆಗಣ್ಣಿನಲ್ಲಿ ನನಗೂ ಹೇಳಲು ಹೊಳೆಯಲಿಲ್ಲ.

ಅವರು ಚೀಲ ಖಾಲಿ ಮಾಡಿ, ಕ್ಯಾಂಟೀನಿನಿಂದ ಕುದಿಯುವ ನೀರು ತಂದರು. "ಈಗ?" "ಇಲ್ಲ" ಎಂದೆ. ಹಾಗೇ ಜೊಂಪು ಹತ್ತಿತು.

ನರ್ಸ್ ಕೂಗಿದ್ದಕ್ಕೆ ಎಚ್ಚರವಾಯಿತು. "ಏನಮ್ಮಾ ಮಾಡಿದ್ರಿ? ಅವ್ರಿಗೆ ಸುಟ್ರೂ ಗೊತ್ತಾಗಲ್ಲ!" ಅಂಗಾಲು ಕೆಂಪಗಾಗಿತ್ತು. ಡಾಕ್ಟರು ಬಂದು ನೋಡಿ ಗಂಭೀರವಾದರು. ಸುಟ್ಟಿದ್ದು ಆಳಕ್ಕಿಳಿದು ಕೀವಾದರೆ, ಒಳಗಿನ ಪ್ಲೇಟಿಗೂ ಅಪಾಯ. "ಸ್ಪರ್ಶ ವಾಪಸ್ ಬರ್ಲಿ. ಅಲ್ಲಿ ಉರಿ ಗೊತ್ತಾದ್ರೆ ಒಳ್ಳೇದು, ಮೇಲಷ್ಟೇ ಸುಟ್ಟಿದೆ ಅಂತ. ಏನೂ ಗೊತ್ತಾಗ್ಲಿಲ್ಲ ಅಂದ್ರೆ ಯೋಚ್ನೆ ಮಾಡ್ಬೇಕಾಗತ್ತೆ."

ಅತ್ತೆ ಗೋಡೆಗೆ ಮುಖ ಮಾಡಿ ಕುಳಿತರು. ತಂದಿದ್ದ ಊಟದ ಡಬ್ಬಿ ತೆರೆಯಲೇ ಇಲ್ಲ. "ಬೈಯೇ, ಏನಾದ್ರೂ ಅನ್ನು" ಎಂದರು. ನನಗೆ ಬೈಯಬೇಕೆನಿಸಿತ್ತು. ಬದಲಿಗೆ ಕಾಲನ್ನೇ ನೋಡುತ್ತಾ ಮಲಗಿದೆ. ನೋವು ಬರಲಿ ದೇವರೇ ಎಂದು ಬೇಡಿಕೊಳ್ಳುವ ಗತಿ ಬರಬಹುದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೊದಲು ಮೂಳೆ ಮಾತಾಡಿತು. ಒಳಗಿನಿಂದ ಗುದ್ದಿದಂತೆ ನೋವು ಬಂತು, ದಿಂಬು ಕಚ್ಚಿಕೊಂಡೆ. ಆದರೆ ಅಂಗಾಲು ಇನ್ನೂ ಸುಮ್ಮನಿತ್ತು. ನರ್ಸ್ ನೋವಿನ ಇಂಜೆಕ್ಷನ್ ತಂದಾಗ, "ಈಗ್ಲೇ ಬೇಡ ಸಿಸ್ಟರ್, ಅಂಗಾಲು ನೋಡಿ" ಎಂದೆ. ಅವರು ಕೆಂಪಾದ ಜಾಗವನ್ನು ಹತ್ತಿಯಿಂದ ಸವರಿದರು. ಏನೂ ಇಲ್ಲ. ಇನ್ನೊಮ್ಮೆ ಸವರಿದರು. ಉರಿ ಚುರ್ರೆಂದು ನೆತ್ತಿಗೇರಿತು.

"ಅಯ್ಯಪ್ಪಾ! ಮುಟ್ಬೇಡಿ!"

ಅತ್ತೆ ತಿರುಗಲಿಲ್ಲ. ಅವರ ಬೆನ್ನು ಅಲುಗುತ್ತಿತ್ತು. "ಸಮಾಧಾನಕ್ಕೆ ಹೇಳ್ತಿದೀಯ" ಎಂದರು.

"ಬನ್ನಿ ಅತ್ತೆ, ನೀವೇ ಮುಟ್ಟಿ ನೋಡಿ."

ಅವರು ಹೆದರುತ್ತಾ ಬಂದು ಬೆರಳ ತುದಿ ತಾಗಿಸಿದರು. ಪಕ್ಕದ ವಾರ್ಡಿನವರೂ ಎದ್ದು ಬರುವಂತೆ ಚೀರಿದೆ. ಅದರಲ್ಲಿ ಅರ್ಧ ನೋವಿಗೆ, ಉಳಿದರ್ಧ ಅತ್ತೆಗೆ ಕೇಳಿಸಲಿ ಎಂದು.