ಬೈಕ್ ನನ್ನದು, ಹಿಂದಿನ ಸೀಟು ಅತ್ತೆಯದು

ಬೈಕ್ ಶೋರೂಮಿಗೆ ಹೋದವರು ಏನು ಕೇಳುತ್ತಾರೆ? ಮೈಲೇಜ್ ಎಷ್ಟು, ಆನ್‌ರೋಡ್ ಎಷ್ಟಾಗುತ್ತೆ, ಹಳೇ ಗಾಡಿ ತಗೋತೀರಾ. ನಮ್ಮತ್ತೆ ಸ್ಟೂಲ್ ಕೇಳಿದರು.

“ಒಂದ್ ಸ್ಟೂಲ್ ತಂದಾಕಪ್ಪ ಇಲ್ಲಿ. ನಾನು ಅತ್ತಿ ಕೂತು ನೋಡ್ಬೇಕು.”

(ಅತ್ತೆ ಅಬ್ಬಿಗೆರೆಯವರು. ಅಲ್ಲಿ ಹೊಲ ಇದ್ದ ಕಾಲದ ಅಬ್ಬಿಗೆರೆ. ಅವರ ಮಾತಿನಲ್ಲಿ ಹಕಾರ ಅಷ್ಟಾಗಿ ಸುಳಿಯುವುದಿಲ್ಲ, ಬೇಕಾದಲ್ಲಿ ನೀವೇ ಸೇರಿಸಿಕೊಂಡು ಓದಿ.)

ಸೇಲ್ಸ್‌ನವನು ನನ್ನ ಗಂಡನ ಮುಖ ನೋಡಿದ. ನಾವು ಒಳಗೆ ಬಂದಾಗಿನಿಂದ ಅವನು ಮಾತಾಡುತ್ತಿದ್ದದ್ದೇ ಗಂಡನ ಜೊತೆ. “ಸರ್, ಟಾರ್ಕ್ ನೋಡಿ ಸರ್, ಸಸ್ಪೆನ್ಷನ್ ನೋಡಿ ಸರ್.” ಸರ್‌ಗೆ ಬೈಕ್ ಓಡಿಸಲು ಬರುವುದಿಲ್ಲ. ಸೈಕಲ್ಲೇ ಅನುಮಾನ. “ನಂಗ್ಯಾಕೆ ಹೇಳ್ತೀರ, ಓಡಿಸೋರು ಅವರು” ಎಂದು ನನ್ನ ಕಡೆ ಕೈ ತೋರಿಸಿ, ಆತ ಆರಾಮಾಗಿ ಸೋಫಾದ ಮೇಲೆ ಕೂತುಬಿಟ್ಟಿದ್ದ. (ಈ ಒಂದು ಗುಣಕ್ಕೆ ಅವನ ನೂರು ತಪ್ಪು ಮಾಫಿ.)

ಸ್ಟೂಲ್ ಬಂತು. ಅತ್ತೆ ನೆರಿಗೆ ಹಿಡಿದು, ನನ್ನ ಭುಜ ಊರಿ, ಹಿಂದಿನ ಸೀಟಿನ ಮೇಲೆ ಎರಡೂ ಕಾಲು ಒಂದೇ ಕಡೆ ಹಾಕಿ ಕೂತರು. ಸೀಟು ಎತ್ತರ. ಅದೂ ಸಾಲದೆಂದು ಮುಂದಕ್ಕೆ ಇಳಿಜಾರು. ಕಾಲು ಇಡಲು ಹುಡುಕಿದರು, ಸಿಗಲಿಲ್ಲ. ಎರಡು ಸಲ ಜಾರಿ, ಎರಡು ಸಲ ಸರಿಯಾಗಿ ಕೂತು, ಆಮೇಲೆ ಮೆಲ್ಲಗೆ ಇಳಿದರು. “ಗಾಡಿ ಚೆನ್ನಾಗೈತೆ ಕಣಪ್ಪ” ಎಂದು ಸೇಲ್ಸ್‌ನವನಿಗೆ ಹೇಳಿದರು. ಸ್ಟೂಲನ್ನು ತಾವೇ ಪಕ್ಕಕ್ಕೆ ಸರಿಸಿದರು.

ಸೊಸೆ ಬೈಕ್ ತಗೊಂಡರೆ ಅತ್ತೆಗೇನು ಅಂತ ಕೇಳುತ್ತೀರಾ? ಅತ್ತೆಗೆ ಕಾರು ಆಗುವುದಿಲ್ಲ. ಬಾಗಿಲು ಹಾಕಿದ ತಕ್ಷಣ ಹೊಟ್ಟೆ ತೊಳಸಲು ಶುರು. ಸಂಜಯನಗರದ ನಮ್ಮ ಮನೆಯಿಂದ ಹೊರಟು ಹೆಬ್ಬಾಳದ ಫ್ಲೈಓವರ್ ಹತ್ತುವ ಹೊತ್ತಿಗೆ ಪ್ಲಾಸ್ಟಿಕ್ ಕವರ್ ಕೈಗೆ ಬಂದಿರುತ್ತದೆ. ನಿಂಬೆಹಣ್ಣು ಮೂಸಿದ್ದಾಯಿತು, ಶುಂಠಿ ಜಗಿದದ್ದಾಯಿತು, ಮಾತ್ರೆ ನುಂಗಿದ್ದೂ ಆಯಿತು. ಬಸ್ಸಿನಲ್ಲೂ ಅದೇ ಕಥೆ. ಗಾಳಿ ಮುಖಕ್ಕೆ ಹೊಡೆಯುವ ಬೈಕ್ ಮೇಲೆ ಮಾತ್ರ ಏನೂ ಆಗುವುದಿಲ್ಲ. ಹಾಗಾಗಿ ನಾನು ಈ ಮನೆಗೆ ಬಂದ ಮೇಲೆ ಅತ್ತೆ ದೂರ ಎಲ್ಲಿಗೇ ಹೋಗಿದ್ದರೂ ನನ್ನ ಬೆನ್ನ ಹಿಂದೆ ಕೂತೇ ಹೋಗಿದ್ದಾರೆ. ನನ್ನ ಬೈಕ್ ನಿಂತರೆ ಅತ್ತೆಯ ಲೋಕ ನಮ್ಮ ಗೇಟಿಗೇ ಮುಗಿಯುತ್ತದೆ.

ಬೈಕ್ ನಿಲ್ಲುವ ಹಾಗೇ ಇತ್ತು. ಮದುವೆಗೆ ಮುಂಚೆ ನನ್ನ ಸಂಬಳದಲ್ಲಿ ಕೊಂಡ ಗಾಡಿ. ಬಂಗಾರದಂಥದ್ದು, ಆದರೆ ಈಚೆಗೆ ಫ್ಲೈಓವರ್ ಏರುವಾಗ ಹಿಂದಿನ ಕಾರಿನವರು ಗಾಜು ಏರಿಸಿಕೊಳ್ಳುವಷ್ಟು ಹೊಗೆ. ಬದಲಾಯಿಸದೆ ವಿಧಿಯಿರಲಿಲ್ಲ.

ಹೊಸದರಿಂದ ನನಗೆ ಬೇಕಾದದ್ದು ಮೂರು. ವಾರವಿಡೀ ಯಶವಂತಪುರದ ಕಾಲೇಜಿಗೆ ಪಾಠ ಮಾಡಲು ಹೋಗಬೇಕು. ಸಿಗ್ನಲ್ಲಿನಲ್ಲಿ ಕಾಲು ಬೇಯಬಾರದು, ಕ್ಲಚ್ ಹಿಡಿದು ಕೈ ಬೀಳಬಾರದು. ಭಾನುವಾರ ದೊಡ್ಡಬಳ್ಳಾಪುರ ದಾಟಿ ಅತ್ತೆಯ ಅಕ್ಕನ ಊರಿಗೆ ಹೋಗಬೇಕು. ಅಲ್ಲಿ ಡಾಂಬರು ಮುಗಿದ ಮೇಲೆ ಇರುವುದು ಕೆಮ್ಮಣ್ಣು, ಗುಂಡಿ ಮತ್ತು ದೇವರು. ಇನ್ನು ವರ್ಷಕ್ಕೊಮ್ಮೆ ದೂರದ ಸವಾರಿ: ಹಂಪಿ, ಬಾದಾಮಿ, ಸಾಧ್ಯವಾದರೆ ಸಮುದ್ರದ ತನಕ. ಒಂದೇ ಗಾಡಿ ಮೂರೂ ಮಾಡಬೇಕು. ನಮ್ಮ ಮನೆ ಕುಕ್ಕರಿನ ಹಾಗೆ, ಅನ್ನಕ್ಕೂ ಅದೇ, ಬೇಳೆಗೂ ಅದೇ, ಇಡ್ಲಿಗೂ ಅದೇ.

ಸಲಹೆಗೇನು ಬರ? ಬೈಕ್ ತಗೋತೀನಿ ಅಂತ ಒಂದು ಮಾತು ಆಡಿ ನೋಡಿ. ಸ್ಟಾಫ್‌ರೂಮಿನಲ್ಲಿ ಎಲ್ಲರೂ ಎಕ್ಸ್‌ಪರ್ಟ್‌ಗಳು. “ಮೇಡಂ, ದೊಡ್ಡ ಇಂಜಿನ್ ತಗೊಳ್ಳಿ, ಮುಂದೆ ಲಡಾಖ್‌ಗೆ ಹೋಗ್ಬೋದು.” ಲಡಾಖ್‌ಗೆ ಅಂತ ಬೈಕ್ ಕೊಂಡು, ನಂದಿ ಬೆಟ್ಟದ ಬುಡದಲ್ಲಿ ಇಡ್ಲಿ ತಿಂದು ವಾಪಸ್ ಬರುವವರು ಎಷ್ಟು ಜನ ಇಲ್ಲ ನಮ್ಮ ಏರಿಯಾದಲ್ಲಿ? ಬಟ್ಟೆ ಒಗೆದ ದಿನ ಅದರ ಹ್ಯಾಂಡಲ್ ಮೇಲೆ ಟವೆಲ್ ಒಣಗುತ್ತಿರುತ್ತದೆ.

ಒಂದೊಂದನ್ನೇ ಓಡಿಸಿ ನೋಡಿದೆ. ಭಾರದ ಗಾಡಿ ಹೈವೇಯಲ್ಲಿ ರಾಜ, ಆರ್.ಟಿ. ನಗರದ ಗಲ್ಲಿಯಲ್ಲಿ ತಿರುಗಿಸಲು ಇಬ್ಬರು ಬೇಕು. ಸ್ಕೂಟರ್ ಗಲ್ಲಿಗೆ ಸರಿ, ಕೆಮ್ಮಣ್ಣಿನ ಗುಂಡಿಯಲ್ಲಿ ಸೊಂಟ ಕೇಳಬೇಡಿ. ಕೊನೆಗೆ ಸಿಕ್ಕಿದ್ದು ಈ ಎತ್ತರದ ಗಾಡಿ. ಹಗುರ, ಇಂಜಿನ್ ಮಧ್ಯಮ, ಗುಂಡಿಗೆ ಬಿದ್ದರೆ ಬಿದ್ದದ್ದೇ ಗೊತ್ತಾಗುವುದಿಲ್ಲ. (ಹೆಸರು ಹೇಳುವುದಿಲ್ಲ. ಕಂಪನಿಯವರು ನನಗೆ ಒಂದು ಕೀ ಚೈನೂ ಕೊಟ್ಟಿಲ್ಲ.) ನಾನೋ, ಉದ್ದದವಳು. “ಇವಳಿಗೆ ತಕ್ಕ ಗಂಡು ಎಲ್ಲಿಂದ ತರೋದು” ಎಂದು ನಮ್ಮಮ್ಮ ಕೊರಗುತ್ತಿದ್ದರು. ಗಂಡು ಸಿಕ್ಕಿದ್ದ, ತಕ್ಕ ಬೈಕ್ ಸಿಕ್ಕಿರಲಿಲ್ಲ. ಅದರ ಮೇಲೆ ಕೂತು ಎರಡೂ ಪಾದ ನೆಲಕ್ಕೆ ಊರಿದಾಗ ನಿಜಕ್ಕೂ ಕಣ್ಣು ತುಂಬಿ ಬಂತು.

ಮೂರು ಕೆಲಸ ಲೆಕ್ಕ ಹಾಕಿದ್ದೆ, ಸರಿ. ಸೀರೆ ಉಟ್ಟ ಎಪ್ಪತ್ತು ದಾಟಿದ ಹೆಂಗಸು ಒಂದು ಕಡೆ ಕಾಲು ಹಾಕಿ ಕೂರುವುದು ಯಾವ ರಿವ್ಯೂನಲ್ಲೂ ಇರಲಿಲ್ಲ.

ಶೋರೂಮಿನಿಂದ ಮನೆಗೆ ಬಂದು ಹೇಳಿದೆ, “ಆ ಗಾಡಿ ಬೇಡ ಬಿಡಿ ಅತ್ತೆ. ಯಾಕೋ ಬ್ರೇಕ್ ಸರಿ ಅನ್ನಿಸ್ಲಿಲ್ಲ. ಹಳೇದರ ಹೊಸ ಮಾಡೆಲ್ ಬಂದಿದೆಯಂತೆ, ಅದನ್ನೇ ತಗೊಳ್ಳೋಣ.”

ಅತ್ತೆ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. “ಅದರಲ್ಲಿ ಅಂಪಿಗೆ ಓಗಾಕಾಯ್ತದಾ?”

“ಹಂಪಿಗೆ ಟ್ರೇನ್ ಇದೆಯಲ್ಲ.”

“ಟ್ರೇನು ಮೊದ್ಲಿಂದಾನೂ ಐತೆ” ಎಂದರು. ಅಷ್ಟೇ.

ಆಮೇಲೆ ನಾಲ್ಕು ದಿನ ಅತ್ತೆಯ ಬಾಯಿ ಬಂದ್. ಕಾಫಿ ಕೊಡುತ್ತಿದ್ದರು, ಮುಖ ಕೊಡುತ್ತಿರಲಿಲ್ಲ. ಮಧ್ಯಾಹ್ನ ಒಬ್ಬರೇ ಎಲ್ಲಿಗೋ ನಡೆದು ಹೋಗಿ ಬರುತ್ತಿದ್ದರು. ಕೇಳಿದರೆ ದೇವಸ್ಥಾನ ಅನ್ನುತ್ತಿದ್ದರು. (ಮಧ್ಯಾಹ್ನ ಯಾವ ದೇವಸ್ಥಾನದ ಬಾಗಿಲು ತೆಗೆದಿರುತ್ತದೆ ಸ್ವಾಮಿ?) ಅವರ ಮನಸ್ಸು ನೋಯಿಸಿದೆ, ಅವರನ್ನು ಹೊರೆ ಅಂದುಕೊಂಡೆ ಎಂದು ಭಾವಿಸಿದ್ದಾರೆ ಎಂದೇ ನಾನು ಒಳಗೊಳಗೆ ಒದ್ದಾಡುತ್ತಿದ್ದೆ.

ಶನಿವಾರ ಬೆಳಿಗ್ಗೆ ಹಳೇ ಮಾಡೆಲ್ಲಿಗೆ ಅಡ್ವಾನ್ಸ್ ಕೊಡಲು ಹೊರಟಿದ್ದೆ. “ತಡಿ ಮಂಜು, ನಾನೂ ಬತ್ತೀನಿ” ಎಂಬ ದನಿ ಬಂತು. ಅತ್ತೆ ರೂಮಿನಿಂದ ಈಚೆ ಬಂದರು.

ಪೈಜಾಮ. ಮೇಲೆ ಮೊಣಕಾಲು ಮುಚ್ಚುವ ಜುಬ್ಬದಂಥದ್ದು.

ನೀವು ನಮ್ಮತ್ತೆಯನ್ನು ನೋಡಿಲ್ಲ, ಅದಕ್ಕೆ ಹೇಳುತ್ತೇನೆ. ಅವರು ಸೀರೆ ಬಿಟ್ಟು ಬೇರೇನೂ ಉಟ್ಟವರಲ್ಲ. ಯಾರೋ ಪ್ರೀತಿಯಿಂದ ಕೊಟ್ಟ ನೈಟಿಯನ್ನು ವರ್ಷಗಟ್ಟಲೆ ಮಿಕ್ಸಿಗೆ ಹೊದಿಸಿದ್ದರು. ಅಂಥವರು ಹಾಲಿನ ಮಧ್ಯೆ ಪೈಜಾಮ ಹಾಕಿ ನಿಂತಿದ್ದಾರೆ. ನನ್ನ ಗಂಡ ಪೇಪರ್ ಇಳಿಸಿದವನು ಮತ್ತೆ ಎತ್ತಿಕೊಂಡ, ಅದರ ಹಿಂದೆ ಅವನ ಭುಜ ಕುಲುಕುತ್ತಿತ್ತು.

“ಏನ್ ಅಂಗ್ ನೋಡ್ತೀಯ? ಇದೂ ಸೀರೇನೆ. ಒಲಿಗೆ ಆಕ್ಸಿದೀನಿ ಅಷ್ಟೆ” ಎಂದರು ಅತ್ತೆ.

ನಿಜ, ಸೀರೆಯೇ. ಹಸಿರು ಬಣ್ಣದ ದಪ್ಪ ನೂಲಿನ ಸೀರೆ. ಅದರ ಕೆಂಪು ಅಂಚು ಈಗ ಅತ್ತೆಯ ಪಾದದ ಸುತ್ತ ತಿರುಗಿತ್ತು. ಮಧ್ಯಾಹ್ನದ ದೇವಸ್ಥಾನ ನಮ್ಮ ಬೀದಿ ಕೊನೆಯ ಟೈಲರ್ ಅಂಗಡಿ ಎಂದು ಆಗ ಗೊತ್ತಾಯಿತು.

“ಅತ್ತೆ, ನನಗೋಸ್ಕರ ಯಾಕೆ ಸೀರೆ ಕತ್ತರಿಸಿದ್ರಿ?”

“ಸೀರೆ ಎಲ್ಲೂ ಓಡೋಗಲ್ಲ ಕಣಮ್ಮ, ಬೀರುನಲ್ಲಿ ಇನ್ನೂ ರಾಶಿ ಬಿದ್ದೈತೆ. ಗಾಡಿ ಓಡ್ಸೋ ವಯಸ್ಸು ಓಡೋಯ್ತದೆ. ನಡಿ, ಆ ಎತ್ತರದ್ದನ್ನೇ ತರಣ.”

ನಾನು ಅತ್ತುಬಿಟ್ಟೆ. ಅತ್ತೆಗೆ ಅಳು ಕಂಡರೆ ಆಗದು, “ಮದ್ವೆ ಮನೇಲಿ ಎಣ್ಣು ಅಳೋ ಅಂಗೆ ಅಳ್ತೀಯಲ್ಲೇ” ಎಂದು ರೇಗಿದರು. ಮದುವೆಯಾಗಿ ಹದಿನೆಂಟು ವರ್ಷ ಆಗಿದೆ.

ಒಂದು ವಾರದಲ್ಲಿ ಗಾಡಿ ಬಂತು. ಚಕ್ರದಡಿ ನಿಂಬೆಹಣ್ಣು ಚಚ್ಚಿದ್ದಾಯಿತು. ಗೇಟಿನ ಪಕ್ಕದ ಕಲ್ಲುಮೆಟ್ಟಿಲ ಹತ್ತಿರ ಬೈಕ್ ನಿಲ್ಲಿಸಿ, ಅತ್ತೆಗೆ ಹತ್ತುವ ಪ್ರಾಕ್ಟೀಸ್. ಎಡಗಾಲು ಫುಟ್‌ರೆಸ್ಟ್ ಮೇಲೆ, ಕೈ ನನ್ನ ಭುಜದ ಮೇಲೆ, ಬಲಗಾಲು ಬೀಸಿ ಆಚೆಗೆ. ಮೊದಲ ಸಲ ಕಾಲು ಸೀಟಿಗೇ ತಗುಲಿತು. ಆಮೇಲೆ ಸಲೀಸು. ಹೆಲ್ಮೆಟ್ಟಿಗೆ ಅಡ್ಡ ಬರುತ್ತದೆಂದು ತುರುಬು ಕುತ್ತಿಗೆಗೆ ಇಳಿಯಿತು, ಮಲ್ಲಿಗೆ ಹೂವು ಕವರಿಗೆ ಹೋಯಿತು. ಊರು ತಲುಪಿದ ಮೇಲೆ ಮುಡಿಯಲು.

ಭಾನುವಾರ ಹೊರಟೆವು. ಯಲಹಂಕ ದಾಟಿ ರಸ್ತೆ ಬಿಡುವಾದ ಮೇಲೆ ಹಿಂದಿನಿಂದ ಅತ್ತೆ ಹೇಳಿದರು, “ಮಂಜು, ಇಂಗೆ ಕೂತ್ರೆ ಮುಂದಿರೋದೆಲ್ಲ ಕಾಣ್ತದಲ್ಲೇ. ಇಷ್ಟ್ ವರ್ಷ ನಾನು ಒಂದೇ ಕಡೆ ನೋಡ್ಕೊಂಡು ಬಂದೆ.” ಇಷ್ಟು ವರ್ಷ ಹಿಂದೆ ಕೂರಿಸಿಕೊಂಡು ತಿರುಗಿದ ನನಗೆ ಅದು ಹೊಳೆದೇ ಇರಲಿಲ್ಲ.

ಊರು ಇನ್ನೂ ಸ್ವಲ್ಪ ದೂರ ಇರುವಾಗಲೇ ಬೆನ್ನಿಗೆ ತಟ್ಟಿದರು. “ನಿಲ್ಸು.” ಬಸ್ ಶೆಲ್ಟರ್ ಹಿಂದೆ ಹೋಗಿ, ಚೀಲದಿಂದ ಇನ್ನೊಂದು ಸೀರೆ ತೆಗೆದು ಪೈಜಾಮದ ಮೇಲೇ ಸುತ್ತಿಕೊಂಡರು.

“ಊರವರು ಏನಂದ್ರೆ ಏನಂತೆ ಅತ್ತೆ?”

“ಊರೋರಲ್ಲ ಕಣೆ, ಅಕ್ಕ. ಈ ಪೈಜಾಮ ಅವಳು ಗೌರಿ ಅಬ್ಬಕ್ಕೆ ಕೊಟ್ಟಿದ್ ಸೀರೆ. ಇದೊಂದೇ ಗಟ್ಟಿ ಇದ್ದಿದ್ದು. ಕತ್ತರಿಸಿದೀನಿ ಅಂತ ಗೊತ್ತಾದ್ರೆ ನನ್ನ ಒಳಕ್ಕೆ ಸೇರ್ಸಲ್ಲ.”

ಅಯ್ಯೋ ದೇವರೇ ಅನ್ನಿಸಿತು. ಅಕ್ಕ ಅಂದರೆ ನಮ್ಮೆಲ್ಲರಿಗೂ ದೊಡ್ಡಮ್ಮ. ಹಸು ಕಟ್ಟಿಕೊಂಡು, ಮೂವರು ಗಂಡುಮಕ್ಕಳನ್ನು ಕಣ್ಣಲ್ಲೇ ಆಳುವ ಹೆಂಗಸು. ಅತ್ತೆ ಯಮನಿಗೂ ಹೆದರುವವರಲ್ಲ, ದೊಡ್ಡಮ್ಮನ ಮುಂದೆ ಮಾತ್ರ ಈಗಲೂ ಬಾಯಿ ತೊದಲುತ್ತದೆ. ತವರಿನ ಸೀರೆಗೆ ಕತ್ತರಿ ಹಾಕುವುದು ನಮ್ಮಲ್ಲಿ ಸಣ್ಣ ಮಾತಲ್ಲ.

ಅತ್ತೆ ಮುಡಿದ ಮಲ್ಲಿಗೆ ಸರಿಮಾಡಿಕೊಂಡು ನಡೆದರು, ನಾನು ಪಕ್ಕದಲ್ಲಿ ಫಸ್ಟ್ ಗೇರಿನಲ್ಲಿ. ದೊಡ್ಡಮ್ಮ ಬಾಗಿಲಲ್ಲೇ ಇದ್ದರು. ಅತ್ತೆ ಹೊಸಿಲು ದಾಟಲು ಕಾಲೆತ್ತಿದರು. ಕೆಂಪು ಅಂಚು ಇಣುಕಿತು.

“ಏನೇ ಅದು ಕಾಲಲ್ಲಿ?”

ದೊಡ್ಡಮ್ಮ ಬಗ್ಗಿ ನೆರಿಗೆ ಸರಿಸಿ ನೋಡಿದರು. ಅಂಚು ಮುಟ್ಟಿ ನೋಡಿದರು. ಆಮೇಲೆ ಅಂಗಳದಲ್ಲಿದ್ದ ಬೈಕ್ ಕಡೆ, ಅದರ ಎತ್ತರದ ಸೀಟಿನ ಕಡೆ ನೋಡಿದರು. ಅತ್ತೆ ತಂಗಿಯ ದನಿಯಲ್ಲಿ, “ಸೊಸೆ ಆಸೆಪಟ್ಟಿದ್ಲು ಕಣಕ್ಕ. ನನ್ ದೆಸೆಯಿಂದ ಬ್ಯಾಡ ಅಂದ್ಬಿಟ್ಟಿದ್ಲು” ಎಂದರು.

ತಪ್ಪು ನನ್ನದೇ ಎಂದು ಹೇಳಲು ಬಾಯಿ ತೆರೆದೆ.

“ಒಳಕ್ ಬಾ” ಎಂದರು ದೊಡ್ಡಮ್ಮ. “ಅದನ್ನ ಬಿಚ್ಚಿ ಕೊಡು. ನಂಗೆ ಆಯ್ತದಾ ನೋಡಣ.”

ಆಯಿತು. ಸ್ವಲ್ಪ ಬಿಗಿ, ಆದರೂ ಆಯಿತು. ಅವತ್ತು ಸಂಜೆ ದೊಡ್ಡಮ್ಮನನ್ನು ಹಿಂದೆ ಕೂರಿಸಿಕೊಂಡು ಕೆರೆ ಏರಿ ಮೇಲೆ ಒಂದು ರೌಂಡ್ ಹೋದೆ. ಹಿಂದಿನಿಂದ ಬಂದದ್ದು ಒಂದೇ ಮಾತು: “ಬಿಡು ಮಗ, ಜೋರಾಗ್ ಬಿಡು.” ವಾಪಸ್ ಬರುವಾಗ ಅತ್ತೆ ಸೀರೆ ಉಟ್ಟು ಜಗಲಿಯ ಮೇಲೆ ಕೂತು, ದಾರಿಯಲ್ಲಿ ಹೋಗುವವರಿಗೆಲ್ಲ “ನಮ್ ಸೊಸೆ ಗಾಡಿ” ಎಂದು ತೋರಿಸುತ್ತಿದ್ದರು.

ನಮ್ಮ ಮನೆಯಲ್ಲಿ ಥ್ಯಾಂಕ್ಸ್ ಅನ್ನುವುದು ಡೆಲಿವರಿಯವರಿಗೆ ಮತ್ತು ಲಿಫ್ಟ್ ಬಾಗಿಲು ಹಿಡಿದವರಿಗೆ ಮಾತ್ರ. ಸ್ವಂತದವರಿಗೆ ಹೇಳಿದರೆ “ಏನಾಯ್ತು ಇವಳಿಗೆ” ಎಂದು ಹಣೆ ಮುಟ್ಟಿ ನೋಡುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅತ್ತೆ, ಈ ಅಂಕಣವನ್ನು ನಿಮ್ಮ ಮಗ ಓದಿ ಹೇಳುತ್ತಾನಲ್ಲ, ಇಷ್ಟು ಮಾತ್ರ ಎರಡು ಸಲ ಓದಿಸಿಕೊಳ್ಳಿ: ಈ ಬೈಕ್ ನೀವು ಕೊಡಿಸಿದ್ದು. ನಾನು ನಿಮಗೆ ಋಣಿ.

ಮೊನ್ನೆ ಶೋರೂಮಿನ ಅದೇ ಸೇಲ್ಸ್‌ನವನು ಫೋನ್ ಮಾಡಿದ್ದ. (ಈ ಸಲ ನನಗೇ ಮಾಡಿದ್ದ, ಅದೇ ಪುಣ್ಯ.) “ಮೇಡಂ, ಕಂಪನಿಯಿಂದ ಫೀಡ್‌ಬ್ಯಾಕ್ ಕಾಲ್ ಬರುತ್ತೆ. ದಯವಿಟ್ಟು ಹತ್ತಕ್ಕೆ ಹತ್ತು ಕೊಟ್ಬಿಡಿ ಮೇಡಂ.”

ನಾನು ಕೇಳಿದೆ: “ಯಾರಿಗಪ್ಪ, ಗಾಡಿಗಾ, ನಮ್ಮತ್ತೆಗಾ?”