ಕೋಲಣ್ಣನ ಕಣ್ಣಿಗೆ ಕಂಡ ಡೊಂಕು

"ಅಮ್ಮಾ, ಕೋಲು ಮಾಮ ನಮ್ಮನೆ ಬಾಗಿಲಿಗೆ ಯಾಕೆ ಕಣ್ಣು ಹೊಡೀತಾರೆ?"

ಜಡೆ ಹಾಕಿಸಿಕೊಳ್ಳುತ್ತಿದ್ದ ಮಗಳು ಹೀಗೆ ಕೇಳಿದಾಗ ತಾಯಿಗೆ ನಗು ಬಂತು. ಬಾಚಣಿಗೆ ಹಿಡಿದೇ ಇಣುಕಿದಳು. ಮಗು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕೆಳಮನೆಯ ಕೋಲಣ್ಣ ಮೆಟ್ಟಿಲ ಮೇಲೆ ನಿಂತು, ಎಡಗಣ್ಣು ಮುಚ್ಚಿ, ಅವಳ ಬಾಗಿಲ ಚೌಕಟ್ಟನ್ನು ಬುಡದಿಂದ ತುದಿಯವರೆಗೆ ನೋಡುತ್ತಿದ್ದರು. ಮರ ಎಳೆದುಕೊಂಡು ಡೊಂಕಾಗಿದೆ, ಮನೆ ಮಾಲೀಕರಿಗೆ ಹೇಳಿಬಿಡು, ಇಲ್ಲದಿದ್ದರೆ ಒಂದು ದಿನ ಬಾಗಿಲು ಸಿಕ್ಕಿಕೊಳ್ಳುತ್ತದೆ ಎಂದು ಎಚ್ಚರಿಸಿ ಇಳಿದುಹೋದರು. ಅವಳು ಬಾಗಿಲನ್ನು ಹಾಕಿ ತೆಗೆದು ನೋಡಿದಳು. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು. ಆದರೂ ಮರದ ವಿಷಯದಲ್ಲಿ ಕೋಲಣ್ಣ ತಪ್ಪು ಹೇಳುವುದುಂಟೇ? ಅವಳಿಗೆ ಏನೂ ಅರ್ಥವಾಗಲಿಲ್ಲ.

ಕೋಲಣ್ಣ ಮೇಜಿನ ಮೇಲೆ ಚೆಂಡು ಹೊಡೆಯುವ ಪೂಲ್ ಆಟದ ಕೋಲು ಮಾಡುವವರು. ಮೊದಲು ಲೇತಿನಲ್ಲಿ ಮಂಚದ ಕಾಲು, ಲಟ್ಟಣಿಗೆ ಕಡೆಯುತ್ತಿದ್ದರಂತೆ. ಯಾರೋ ಒಬ್ಬ ಆಟಗಾರ ಬಿರುಕುಬಿಟ್ಟ ಕೋಲೊಂದನ್ನು ರಿಪೇರಿಗೆ ತಂದ. ಅದನ್ನು ಬಿಚ್ಚಿ ಒಳಗೇನಿದೆ ಎಂದು ನೋಡಿದ್ದೇ ನೋಡಿದ್ದು, ಮಂಚದ ಕಾಲುಗಳು ಅಲ್ಲಿಗೇ ನಿಂತವು. "ಮಂಚದ ಕಾಲೇ ಮಾಡ್ಕೊಂಡಿದ್ರೆ ಇಷ್ಟು ಹೊತ್ತಿಗೆ ಊರಿಗೆ ಊರೇ ನೆಮ್ಮದಿಯಾಗಿ ಮಲಗಿರ್ತಿತ್ತು," ಎಂದು ಅವರ ಹೆಂಡತಿ ಇವತ್ತಿಗೂ ಚುಚ್ಚುತ್ತಾರೆ. ಆದರೆ ಕೋಲಿನ ಹಿಡಿಗೆ ನಾರಿನ ದಾರ ಸುತ್ತುವವರು ಆ ಅಕ್ಕನೇ. ಅವರು ಸುತ್ತಿದ ಮೇಲೆ ದಾರದ ಮೊದಲೆಲ್ಲಿ, ಕೊನೆಯೆಲ್ಲಿ ಎಂದು ಉಗುರಿಗೂ ಸಿಗುವುದಿಲ್ಲ.

ಕೋಲಿನಲ್ಲಿ ಎರಡು ತುಂಡು. ಕೈ ಹಿಡಿಯುವ ಹಿಂದಿನ ತುಂಡು ಬೀಟೆಯದು, ಭಾರ. ಚೆಂಡಿಗೆ ತಗಲುವ ಮುಂದಿನದು ಬಿಳಿ ಮೇಪಲ್ ಮರದ್ದು, ತುದಿಗೆ ಹೋದಂತೆ ಸಣ್ಣ. ನಡುವೆ ಹಿತ್ತಾಳೆಯ ತಿರುಪು. ಕಷ್ಟವೆಲ್ಲ ಆ ಬಿಳಿ ತುಂಡಿನದು. ಒಂದೇ ಸಲಕ್ಕೆ ಕಡೆದರೆ ಮರ ಮುನಿಸಿಕೊಂಡು ಬಾಗುತ್ತದೆ. ಸ್ವಲ್ಪ ಕಡೆದು, ದಾರ ಕಟ್ಟಿ ಸೂರಿಗೆ ನೇತುಹಾಕಿ, ಅದು ತನ್ನ ಹಟ ತೀರಿಸಿಕೊಂಡ ಮೇಲೆ ಮತ್ತೆ ಸ್ವಲ್ಪ ಕಡೆಯಬೇಕು. ಹಾಗಾಗಿ ಕೋಲಣ್ಣನ ಶೆಡ್ಡಿನಲ್ಲಿ ತಲೆಯ ಮೇಲೆ ಯಾವಾಗಲೂ ಬಿಳಿ ಕೋಲುಗಳು ತೂಗುತ್ತಿರುತ್ತವೆ. ಎತ್ತರದವರು ಒಳಗೆ ಬಂದರೆ ಹಣೆ ಜೋಪಾನ.

ಈ ಸಲದ ಗೊಂದಲವೆಲ್ಲ ಒಬ್ಬ ಹುಡುಗಿಯ ಕೋಲಿನದು. ಎಷ್ಟೋ ವರ್ಷ ಆಟದ ಹಾಲ್‌ನ ಕೋಲುಗಳಲ್ಲೇ ಆಡಿ ಗೆದ್ದ ಹುಡುಗಿ, ಮೊದಲ ದೊಡ್ಡ ಪಂದ್ಯಕ್ಕೆ ತನ್ನದೇ ಕೋಲು ಬೇಕೆಂದು ಬಂದಿದ್ದಳು. ಕೋಲಣ್ಣ ಯಾರಿಗೂ ಕೊಡದೆ ಎತ್ತಿಟ್ಟಿದ್ದ ಮರವನ್ನು ಅವಳಿಗೆಂದು ತೆಗೆದಿದ್ದರು. ಅಂಥದ್ದು ಇನ್ನೊಂದು ತುಂಡಿಲ್ಲ. ಮುಗಿಯುತ್ತ ಬಂದಿದ್ದ ಆ ಕೋಲಿನಲ್ಲಿ, ತುದಿಯ ಕಡೆಗೆ, ಅವರಿಗೊಂದು ಡೊಂಕು ಕಂಡಿತು. ಮರಳುಕಾಗದ ಹಿಡಿದು ಉಬ್ಬನ್ನು ಸವರಿದರು. ಮರುದಿನವೂ ಕಂಡಿತು, ಮತ್ತೆ ಸವರಿದರು. ಇನ್ನು ಸವರಿದರೆ ಕೋಲು ಕಡ್ಡಿಯಾಗುತ್ತದೆ, ಬಿಟ್ಟರೆ ಡೊಂಕು.

ಆದರೆ ನುಣುಪುಗಲ್ಲಿನ ಮೇಲೆ ಉರುಳಿಸಿ ನೋಡಿದರೆ, ಡೊಂಕಿದ್ದಲ್ಲಿ ಕಲ್ಲಿಗೂ ಕೋಲಿಗೂ ನಡುವೆ ಇಣುಕಬೇಕಿದ್ದ ಬೆಳಕು ಕಾಣುತ್ತಿರಲಿಲ್ಲ. ಕಲ್ಲೇ ಸವೆದಿದೆ ಎಂದು ಕಲ್ಲನ್ನು ಬೈದರು. ಆಮೇಲೆ ಟ್ಯೂಬ್‌ಲೈಟ್ ಬದಲಿಸಿದರು. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ ಎಂದು ಅಕ್ಕ ನಕ್ಕರೆ, ಈ ಪುಣ್ಯಾತ್ಮರು ಓಡಿಹೋಗಿ ಗಾರೆಯವನಿಂದ ರಸಮಟ್ಟ ತಂದು ನೆಲಕ್ಕೇ ಇಟ್ಟು ನೋಡಿದರು. ನೆಲ ಸರಿಯಾಗಿತ್ತು. ಕೊನೆಗೆ ಮೇಲಿನ ಮನೆಯ ಆ ಮಗುವಿನ ತಾಯಿಯನ್ನು ಕರೆದು ಕೋಲನ್ನು ಕೈಗೆ ಕೊಟ್ಟರು. ಅವಳೂ ಒಂದು ಕಣ್ಣು ಮುಚ್ಚಿ ನೋಡಿದಳು. ನೆಟ್ಟಗಿದೆಯಲ್ಲ ಅನ್ನಿಸಿತು. ಇಲ್ಲ, ಸರಿಯಾಗಿ ನೋಡು, ತುದಿಯ ಹತ್ತಿರ, ಎಡಕ್ಕೆ ಎಂದು ಅವರು ತೋರಿಸುತ್ತಾ ಹೋದಂತೆ, ನೋಡಿ ನೋಡಿ ಅವಳಿಗೂ ಅಲ್ಲೇನೋ ಡೊಂಕು ಇದ್ದಂತಾಯಿತು. ಇದೆಯೇನೋ ಎಂದಳು. ಮೇಲೆ ಹೋದ ಮೇಲೆ ಅಡುಗೆಮನೆಯ ಸೌಟೂ ಡೊಂಕಾಗಿ ಕಂಡಿತು. ಅದು ಮೊದಲಿನಿಂದಲೂ ಡೊಂಕೇ ಇತ್ತೇ? ನೆನಪಾಗಲಿಲ್ಲ.

ಹಿಡಿಗೆ ದಾರ ಸುತ್ತುವ ದಿನ ಅಕ್ಕ ಅವಳನ್ನು ಸಹಾಯಕ್ಕೆ ಕರೆದರು. ಮಗಳು ಮೂಲೆಯಲ್ಲಿ ಮರದ ಸಿಪ್ಪೆಯ ಸುರುಳಿಗಳನ್ನು ಕಿವಿಗೆ ನೇತುಹಾಕಿಕೊಂಡು ಆಡುತ್ತಿದ್ದಳು. ಲೇತು ನಿಧಾನಕ್ಕೆ ತಿರುಗುತ್ತಿತ್ತು. ಅಕ್ಕ ಬೆರಳಿನಿಂದ ದಾರವನ್ನು ಒತ್ತೊತ್ತಾಗಿ ಕೂರಿಸುತ್ತಿದ್ದರು. ಇವಳು ಎದುರಿಗೆ ಕೂತು ಉಂಡೆಯನ್ನು ಬಿಗಿಹಿಡಿದಿದ್ದಳು. ದಾರ ಎಷ್ಟು ಬಿಗಿಯಿತ್ತೆಂದರೆ ತೋರುಬೆರಳಿನ ಮೇಲೆ ಕೆಂಪು ಗೆರೆ ಮೂಡಿತ್ತು.

ಕೋಲಣ್ಣ ಪಕ್ಕಕ್ಕೆ ಬಂದು, ಅಭ್ಯಾಸಬಲದಿಂದ ಎಡಗಣ್ಣು ಮುಚ್ಚಿ ನೋಡಿ, ದಾರ ಯಾಕೆ ಸಡಿಲ ಬಿಟ್ಟಿದ್ದೀರಿ ಎಂದು ರೇಗಿದರು. ಇನ್ನೆಷ್ಟು ಎಳೆಯೋದು, ಇವಳ ಬೆರಳು ಕತ್ತರಿಸಿ ಬೀಳಲಿ ಅಂತೀರಾ ಎಂದು ಅಕ್ಕ ತಿರುಗಿಸಿ ಕೊಟ್ಟರು.

"ಹಾವಿನ ಹಾಗೆ ಹೋಗ್ತಿದೆ ಕಣೇ, ಕಾಣಲ್ವಾ?"

ಬಿಗಿಯಾಗಿ ಎಳೆದ ದಾರ ಡೊಂಕಾಗುವುದು ಹೇಗೆ? ಮರವಾದರೆ ಸರಿ, ಎಳೆಯುತ್ತದೆ, ಮುನಿಯುತ್ತದೆ. ದಾರಕ್ಕೆ ಎಲ್ಲಿಯ ಮುನಿಸು? ಅವಳು ತನ್ನ ಬೆರಳನ್ನು ನೋಡಿದಳು, ದಾರವನ್ನು ನೋಡಿದಳು, ಆಮೇಲೆ ಕೋಲಣ್ಣನನ್ನು ನೋಡಿದಳು.

"ಕೋಲಣ್ಣ, ಆ ಕಣ್ಣು ಮುಚ್ಚಿ. ಈ ಕಣ್ಣಲ್ಲಿ ನೋಡಿ."

ಅವರು ಬಲಗಣ್ಣು ಮುಚ್ಚಿ ನೋಡಿದರು. ದಾರ ನೆಟ್ಟಗಿತ್ತು. ಎಡಗಣ್ಣು ಮುಚ್ಚಿ ನೋಡಿದರು. ಮತ್ತದೇ ಹಾವು. ಮತ್ತೆ ಬಲಗಣ್ಣು. ಲೇತನ್ನು ಆರಿಸಿ ಸ್ಟೂಲಿನ ಮೇಲೆ ಕೂತರು. ಕಣ್ಣಿಗೆ ಧೂಳು ಬಿತ್ತಾ ಎಂದು ಅಕ್ಕ ಕೇಳಿದರೆ ಹೂಂ ಅಂದರು. ಅಕ್ಕ ನೀರು ತರಲು ಒಳಗೆ ಹೋದರು. ಅಕ್ಕನಿಗೆ ಅರ್ಥವಾಗಿತ್ತೋ ಇಲ್ಲವೋ, ಹೇಳುವಂತಿರಲಿಲ್ಲ.

ಬೆಳಿಗ್ಗೆ ಮಗುವನ್ನು ಶಾಲೆಗೆ ಬಿಟ್ಟು ಹಾಗೇ ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ, ಬೇಗ ತೋರಿಸಿದರೆ ಒಳ್ಳೆಯದು ಎಂದಳು ಅವಳು. ಕೋಲಣ್ಣ ತಲೆಯಾಡಿಸಿದರು. ಆದರೆ ಅವರ ಗಮನ ಡಾಕ್ಟರ ಮೇಲಿರಲಿಲ್ಲ. ಸೂರಿನಿಂದ ತೂಗುತ್ತಿದ್ದ ಕೋಲುಗಳನ್ನು ನೋಡುತ್ತಿದ್ದರು. ಇವುಗಳಲ್ಲಿ ನೆಟ್ಟಗಿದ್ದು ತಾವು ಸವರಿ ಕೆಡಿಸಿದ್ದು ಯಾವುದು, ಮುಟ್ಟದೆ ಬಿಟ್ಟದ್ದು ಯಾವುದು, ನಿಜವಾಗಿಯೂ ಡೊಂಕಿದ್ದು ಸರಿಮಾಡಿದ್ದು ಯಾವುದು? ಒಂದೂ ಬಗೆಹರಿಯಲಿಲ್ಲ. ಎಡಗಣ್ಣಿನಲ್ಲಿ ನೋಡಿದರೆ ಎಲ್ಲವೂ ನೆಟ್ಟಗೆ ಕಾಣುತ್ತಿದ್ದವು. ಆ ಕಣ್ಣಿಗೆ ಈ ಕೆಲಸದ ಅಭ್ಯಾಸವೇ ಇಲ್ಲವಲ್ಲ, ಅದನ್ನಾದರೂ ನಂಬುವುದು ಹೇಗೆ?

ಎದ್ದು ಆ ಹುಡುಗಿಯ ಕೋಲನ್ನು ಲೇತಿನಿಂದ ಬಿಚ್ಚಿ, ಅಂಗಿಯ ಅಂಚಿನಿಂದ ಒರೆಸಿ, ಮೇಲಿನ ಮನೆಯವಳ ಕೈಗಿಟ್ಟರು.

"ನೀನೇ ನೋಡಿ ಹೇಳಮ್ಮ. ಮೊದಲು ಇದು, ಆಮೇಲೆ ಅವೆಲ್ಲ. ಡೊಂಕಿದ್ರೆ ಡೊಂಕು ಅಂತಾನೇ ಹೇಳು. ನನ್ನ ಮುಖ ನೋಡ್ಕೊಂಡು ಮಾತ್ರ ಹೇಳಬೇಡ."