ಉಸ್ಮಾನ್ ಸಾಬರ ಗೋಡೆಪಾಠ

"ಉಸ್ಮಾನ್ ಸಾಬ್ರಿಗೆ ಇಂಗ್ಲಿಷು ಕೈಯಾಗೈತೆ ಕಣ್ರಿ, ಬಾಯಾಗೆ ತರಲ್ಲ ಅಷ್ಟೇ" ಎನ್ನುತ್ತಿದ್ದರು ಚಿತ್ರದುರ್ಗದ ಆ ಓಣಿಯವರು. ಹೊಗಳಿಕೆಗೇ ಅನ್ನುತ್ತಿದ್ದರು. ಎಲ್ಲ ಗೊತ್ತಿದ್ದೂ ಜಂಬ ಕೊಚ್ಚಿಕೊಳ್ಳದ ಮನುಷ್ಯ ಎಂದು ಅವರ ಎಣಿಕೆ. ಬಾಯಿಗೆ ತರುವುದಿರಲಿ, ಓದಲೂ ಬಾರದು ಎಂಬುದು ಸಾಬರಿಗೆ ಮಾತ್ರ ಗೊತ್ತಿತ್ತು. ಹೆಂಡತಿ ಮಲೀಕಾಗೂ ಹೇಳಿರಲಿಲ್ಲ.

ಅವರ ಕಸುಬು ಬೋರ್ಡ್ ಬರೆಯುವುದು. ಕನ್ನಡ, ಉರ್ದು ಓದಿ ಬರೆಯುವರು. ಇಂಗ್ಲಿಷನ್ನು ಮಾತ್ರ ಹೂಬಳ್ಳಿ ಬಿಡಿಸಿದಂತೆ ನೋಡಿ ಬಿಡಿಸುವರು. ಫ್ಲೆಕ್ಸ್ ಬಂದು ಅಂಗಡಿಗಳ ಕೆಲಸ ಹೋದ ಮೇಲೆ ಶಾಲೆಯ ಗೋಡೆಗಳು ಉಳಿದವು. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಎಲ್ಲಿಗೆ ಹೋದರೂ ಮೇಷ್ಟ್ರುಗಳಿಗೆ ಬೇಕಾದದ್ದು ಒಂದೇ: ಇಂಗ್ಲಿಷ್ ಕ್ರಿಯಾಪದಗಳ ಪಟ್ಟಿ. ಮೇಲೆ ಕನ್ನಡದಲ್ಲಿ 'ದಿನಾ ಮಾಡುವುದು', 'ನಿನ್ನೆ ಮಾಡಿದ್ದು', 'ಈಗ ಮಾಡುತ್ತಿರುವುದು', 'ನಾಳೆ ಮಾಡುವುದು', 'ಅಪ್ಪಣೆ', 'ಹಾಗಿದ್ದರೆ ಮಾಡುತ್ತಿದ್ದೆ' ಎಂದು ಆರು ಮನೆ, ಕೆಳಗೆ ಸಾಲಾಗಿ ಪದಗಳು.

ಹತ್ತು ಗೋಡೆ ಬರೆಯುವಷ್ಟರಲ್ಲಿ ಸಾಬರ ಕಣ್ಣಿಗೆ ಒಂದು ಸಂಗತಿ ಬಿತ್ತು. ಪದ ಯಾವುದೇ ಇರಲಿ, ನಿನ್ನೆಯ ಮನೆಯಲ್ಲಿ ಅದಕ್ಕೆ ಎರಡಕ್ಷರದ ಬಾಲ. ಈಗಿನ ಮನೆಯಲ್ಲಿ ಮೂರಕ್ಷರದ್ದು. ನಾಳೆಯ ಮನೆಯಲ್ಲಿ ಬಾಲವಿಲ್ಲ, ಮುಂದೊಂದು ಚಿಕ್ಕ ಪದ ನಿಲ್ಲುತ್ತದೆ. ಕೊನೆಯ ಮನೆಯಲ್ಲೂ ಹಾಗೇ, ನಿಲ್ಲುವ ಪದ ಬೇರೆ. ಅಪ್ಪಣೆಗೆ ಹಿಂದೂ ಇಲ್ಲ, ಮುಂದೂ ಇಲ್ಲ. ಈ ಕ್ರಮ ಕೇಳದ ಪುಂಡ ಪದಗಳೂ ಇದ್ದವು, ಅವನ್ನು ಮೇಷ್ಟ್ರುಗಳು ಬೇರೆ ಗೋಡೆಗೆ ಬರೆಸುತ್ತಿದ್ದರು. ಸಾಬರು ಎಣ್ಣೆ ಡಬ್ಬದ ತಗಡು ಕತ್ತರಿಸಿ ನಾಲ್ಕು ಅಚ್ಚು ಮಾಡಿಕೊಂಡರು. ಮೂಲ ಪದ ಕೈಯಲ್ಲಿ ಬರೆಯುವುದು, ಉಳಿದದ್ದಕ್ಕೆ ತಗಡಿಟ್ಟು ಬಣ್ಣ ಒತ್ತುವುದು. ಎರಡು ದಿನದ ಕೆಲಸ ಒಂದೇ ದಿನಕ್ಕೆ ಮುಗಿಯತೊಡಗಿತು.

ಹೀಗಿರುವಾಗ ತಾಳ್ಯದ ಕಡೆಯ ಒಂದು ಶಾಲೆಯಿಂದ ಕರೆ ಬಂತು. ಅಲ್ಲಿಯ ದೀಪಾ ಟೀಚರ್ ಎಂಟು ಪದಗಳ ಚೀಟಿ ಕೊಟ್ಟು, "ನಾಳೆ ಬೆಳಿಗ್ಗೆ ಇದ್ರ ಮುಂದೇನೇ ಪಾಠ ಸಾಬ್ರೆ" ಎಂದು ತರಬೇತಿಗೆ ಹೋದರು. ಸಾಬರು ಚೀಟಿಯನ್ನು ಮೈದಾ ಅಂಟಿನಿಂದ ರಟ್ಟಿಗೆ ಅಂಟಿಸಿ ಗೋಡೆಗೆ ಒರಗಿಸಿದರು. ಆರು ಸಾಲು ಮುಗಿಸಿ ನಲ್ಲಿಯವರೆಗೆ ಹೋಗಿ ಬರುವಷ್ಟರಲ್ಲಿ, ಊರಿನ ಕರಿಸಿದ್ದಪ್ಪನ ಮೇಕೆ ಚೀಟಿಯನ್ನು ಅಂಟಿನ ಸಮೇತ ತಿಂದು ರಟ್ಟಿಗೆ ಬಾಯಿ ಹಾಕಿತ್ತು.

"ಲೇ ಕರಿಸಿದ್ದಪ್ಪ, ನಿನ್ ಮೇಕೆ ಚೀಟಿ ತಿಂದೈತಲ್ಲೋ!"

"ತಿನ್ಲಿ ಬಿಡ್ರಿ ಸಾಬ್ರೆ, ಅದೂ ನಾಕಕ್ಷರ ಕಲೀಲಿ. ಇಷ್ಟ್ ವರ್ಷದಿಂದ ಇದನ್ನೇ ಬರೀತೀರಿ, ನಿಮಗೆ ಬಾಯಿಪಾಠ ಇಲ್ವಾ?"

"ಐತೆ, ಐತೆ" ಎಂದರು ಸಾಬರು.

ಕೈಗೆ ಪಳಗಿದ ಪದಗಳೆಲ್ಲ ಮೊದಲ ಆರು ಸಾಲಿನಲ್ಲೇ ಮುಗಿದಿದ್ದವು. ಫೋನು ಜೇಬಿನಲ್ಲಿತ್ತು. ಟೀಚರನ್ನು ಕೇಳಿದರೆ ಹೇಳುತ್ತಿದ್ದರು, ಆದರೆ ಫೋನಿನಲ್ಲಿ ಹೇಳಿದ ಪದ ಕಿವಿಗೆ ಬೀಳುತ್ತದೆ, ಕೈಗೆ ಬರುವುದಿಲ್ಲ. ಬರೆದು ಕಳಿಸಿ ಎಂದರೆ ಯಾಕೆ ಎನ್ನುವರು. ಫ್ಲೆಕ್ಸ್ ಅಂಗಡಿ ಇಟ್ಟಿದ್ದ ಮಗ ಫಾಜಿಲ್‌ನನ್ನು ಕೇಳಿದರೂ ಅದೇ. ಮೂವತ್ತು ವರ್ಷದ ಹೆಸರು ಎರಡು ಖಾಲಿ ಸಾಲಿಗೆ ಬಂದು ನಿಂತಿತ್ತು.

ಆಗ ನೆನಪಾದದ್ದು ಬಾಗಿಲುಗಳು. ಬ್ಯಾಂಕು, ದವಾಖಾನೆಗಳ ಗಾಜಿನ ಬಾಗಿಲಿಗೆ ಸಾಬರು ಎಷ್ಟೋ ಸಲ ಬರೆದಿದ್ದರು: ದೂಡುವ ಕಡೆ ಒಂದು ಪದ, ಎಳೆಯುವ ಕಡೆ ಒಂದು. ಒಮ್ಮೆ ಹಿಂದುಮುಂದಾಗಿ, ರೋಗಿಗಳು ಬಾಗಿಲ ಜೊತೆ ಗುದ್ದಾಡಿ, ಡಾಕ್ಟರಿಂದ ಬೈಗುಳ ತಿಂದ ಮೇಲೆ ಯಾವುದು ಯಾವ ಕಡೆ ಎಂದು ಮರೆತಿರಲಿಲ್ಲ. ಬಾಗಿಲ ಮೇಲಿನ ಮಾತೂ ಅಪ್ಪಣೆಯೇ ತಾನೆ? ಎರಡನ್ನೂ ಅಪ್ಪಣೆಯ ಮನೆಯಲ್ಲಿಟ್ಟರು. ಉಳಿದ ಮನೆಗಳಿಗೆ ತಗಡು ಒತ್ತಿದರು. ಇವು ಪುಂಡ ಜಾತಿಯವೋ ಏನೋ, ಗೊತ್ತಿರಲಿಲ್ಲ.

ಯಾವಾಗಲೂ ಬಣ್ಣ ಒಣಗುವ ಮೊದಲೇ ಬಸ್ಸು ಹಿಡಿಯುವ ಸಾಬರು ಮರುದಿನ ಬೆಳಿಗ್ಗೆ ಮತ್ತೆ ಆ ಶಾಲೆಗೆ ಹೋದರು. ಮಕ್ಕಳು ಓದತೊಡಗಿದರು: ವಾಕ್, ವಾಕ್ಡ್, ವಾಕಿಂಗ್, ವಿಲ್ ವಾಕ್. ತಾವು ಬರೆದದ್ದರ ದನಿಯನ್ನು ಸಾಬರು ಕೇಳಿದ್ದು ಅದೇ ಮೊದಲು. ಏಳನೆಯ ಸಾಲಿಗೆ ದೀಪಾ ಟೀಚರ್ ಕೋಲು ನಿಲ್ಲಿಸಿದರು.

"ಸಾಬ್ರೆ, ಇವೆರಡು ನನ್ ಚೀಟಿಯಾಗಿರ್ಲಿಲ್ಲ."

"ನಿಮ್ಮವು ಮೇಕೆ ತಿಂತು ಟೀಚರ್."

"ಮತ್ತೆ ಇವು ಎಲ್ಲಿಂದ ಬಂದ್ವು?"

"ದವಾಖಾನೆ ಬಾಗ್ಲಿಂದ." ಸಾಬರು ತಗಡುಗಳನ್ನು ಕೆಳಗಿಟ್ಟರು. "ತಪ್ಪಿದ್ರೆ ಹೇಳ್ರಿ, ಅಳಿಸ್ತೀನಿ. ನಂಗೆ ಬರಿಯಾಕ್ ಬರ್ತೈತೆ, ಓದಾಕ್ ಬರಲ್ಲ."

ಮುಂದಿನ ಸಾಲಿನ ಕಾವ್ಯಶ್ರೀ ಎಂಬ ಹುಡುಗಿ ಸರಿದು ಜಾಗ ಮಾಡಿದಳು. "ನಂಗೂ ಬರಲ್ಲ ತಾತ. ಬರ್ರಿ, ಇಲ್ಲಿ ಕುಂತ್ಕಳ್ರಿ."

"ಒಂದೂ ತಪ್ಪಿಲ್ಲ" ಎಂದರು ಟೀಚರ್. ಸಾಬರು ಕೂತರು. ಪುಶ್, ಪುಶ್ಡ್, ಪುಶಿಂಗ್, ವಿಲ್ ಪುಶ್. ಅಪ್ಪಣೆಯ ಮನೆಗೆ ಬಂದಾಗ ಹುಡುಗರು ಒಬ್ಬರನ್ನೊಬ್ಬರು ದೂಡಿ ಬೈಸಿಕೊಂಡರು.

ಸಂಜೆ ಮಲೀಕಾಗೆ ಹೇಳಿದರೆ ಅವಳು ಅಕ್ಕಿ ಆರಿಸುತ್ತಲೇ ನಕ್ಕಳು. "ನಂಗೊತ್ತಿತ್ತು. ಔಷಧಿ ಚೀಟಿ ಕೊಟ್ರೆ ಕನ್ನಡಕ ಹುಡುಕ್ತಿದ್ರಿ. ಕನ್ನಡಕ ಮೂಗಿನ್ ಮೇಲೇ ಇರ್ತಿತ್ತು."

ಆಮೇಲಿನ ಮೂರು ವರ್ಷ ಸಾಬರದೊಂದು ಕರಾರು: ಬರೆದ ಗೋಡೆಯನ್ನು ಮಕ್ಕಳ ಜೊತೆ ಕೂತು ಓದಿಯೇ ಹೊರಡುವುದು. ಐಮಂಗಲದಲ್ಲಿ ಎರಡು ಸಲ ತಪ್ಪಿದರು, ಮೂರನೆಯ ಸಲ ಪೂರ್ತಿ ಓದಿದರು. ಮಾರಿಕಣಿವೆಯದು ಕೊನೆಯ ಗೋಡೆ. ಅಲ್ಲಿ ಹುಡುಗರ ಸಾಲಿನಲ್ಲಿ ಕೂತು ಓದುತ್ತಿದ್ದವರು ಹಿಂದಿನ ಗೋಡೆಗೆ ಒರಗಿದರು, ಮತ್ತೆ ಏಳಲಿಲ್ಲ.

ಆ ಬೆಳಿಗ್ಗೆ ಮನೆಯಲ್ಲಿ ವಿಶೇಷವೇನೂ ನಡೆದಿರಲಿಲ್ಲ. "ಮಧ್ಯಾಹ್ನಕ್ಕೆ ಬರ್ತೀರಾ?" ಎಂದು ಮಲೀಕಾ ಕೇಳಿದಳು.

"ಬರಿಯಾದು ಬ್ಯಾಗ ಮುಗೀತೈತೆ. ಓದಾದು ತಡ ಆಗ್ತೈತೆ. ರೊಟ್ಟಿ ಕಟ್ಟು."

ರೊಟ್ಟಿಯ ಗಂಟನ್ನು ಬಣ್ಣದ ಡಬ್ಬಗಳ ಮೇಲಿಟ್ಟುಕೊಂಡು, ಹಿರಿಯೂರು ಬಸ್ಸಿಗೆ ಹೊತ್ತಾಯಿತೆಂದು, ಚಪ್ಪಲಿ ಮೆಟ್ಟಿ ಹೊಸ್ತಿಲು ಇಳಿದರು.